ಹಜ್ಜ್‌ಗೆ ಹೊರಟ ಹಿರಿಯರ ಕಾಲಿಗೆ ಊರಲ್ಲೇ ತಯಾರಿ ಬೇಕು

ಹಜ್ಜ್ ಪಟ್ಟಿಯಲ್ಲಿ ಹೆಸರು ಬಂತೆಂದರೆ ನಮ್ಮ ಮನೆಗಳಲ್ಲಿ ಮೊದಲು ಶುರುವಾಗುವುದು ಸೂಟ್‌ಕೇಸಿನ ಮಾತು. ಎಷ್ಟು ಕೆ.ಜಿ. ಬಿಡ್ತಾರೆ, ಉಪ್ಪಿನಕಾಯಿ ತಗೊಂಡು ಹೋಗಬಹುದಾ, ಗಂಜಿಗೆ ಅಲ್ಲಿ ಕುಚ್ಚಲಕ್ಕಿ ಸಿಗ್ತದಾ. ಆಮೇಲೆ ಪಾಸ್‌ಪೋರ್ಟ್, ಹಣದ ಕಂತು, ಚುಚ್ಚುಮದ್ದು, ತರಬೇತಿ ಶಿಬಿರ. ಶಿಬಿರದಲ್ಲಿ ಉಸ್ತಾದರು ಇಹ್ರಾಂ, ತವಾಫ್, ಸಅಯ್, ಜಮರಾತ್ ಎಲ್ಲವನ್ನೂ ಬಿಡಿಸಿ ಹೇಳಿಕೊಡುತ್ತಾರೆ. ಆದರೆ ಇದನ್ನೆಲ್ಲ ಮಾಡಬೇಕಾದದ್ದು ಕಾಲಿನ ಮೇಲೆ ಎಂಬುದು ಎಷ್ಟೋ ಮನೆಗಳಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಅರುವತ್ತೈದು, ಎಪ್ಪತ್ತು ದಾಟಿದ ಬಾಪ ಪಳ್ಳಿಗೆ ಹೋಗುವುದು ಮಗನ ಸ್ಕೂಟರಿನಲ್ಲಿ. ಉಮ್ಮ ಮನೆಯ ಗೇಟು ದಾಟಿದರೆ ಆಟೊ. ಅಂಥವರು ಊರು ಬಿಟ್ಟ ಕೆಲವೇ ದಿನಗಳಲ್ಲಿ ದಿನಕ್ಕೆ ಎಂಟು-ಹತ್ತು ಕಿಲೋಮೀಟರ್ ನಡೆಯಬೇಕಾಗುತ್ತದೆ.

ಲೆಕ್ಕ ನೋಡೋಣ. ಸಫಾದಿಂದ ಮರ್ವಾಕ್ಕೆ ಸುಮಾರು 400 ಮೀಟರ್. ಏಳು ಸಲ ಆಗುವಾಗ ಮೂರು ಕಿಲೋಮೀಟರ್ ಹತ್ತಿರ ಬಂತು. ಅದಕ್ಕೆ ಮೊದಲು ತವಾಫ್‌ನ ಏಳು ಸುತ್ತು. ಕೆಳಗೆ ಕಅಬಾದ ಹತ್ತಿರ ಸುತ್ತು ಚಿಕ್ಕದು, ನೂಕುನುಗ್ಗಲು ಹೆಚ್ಚು. ಮೇಲಿನ ಮಹಡಿಗೆ ಹೋದರೆ ಜನ ಕಡಿಮೆ, ಆದರೆ ಸುತ್ತು ಹಲವು ಪಟ್ಟು ದೊಡ್ಡದು. ಇನ್ನು ಹಜ್ಜ್‌ನ ದಿನಗಳು. ಮಿನಾದಿಂದ ಅರಫಾಕ್ಕೆ ಸುಮಾರು 14 ಕಿ.ಮೀ., ಅರಫಾದಿಂದ ಮುಝ್ದಲಿಫಾಕ್ಕೆ ಸುಮಾರು 9 ಕಿ.ಮೀ., ಅಲ್ಲಿಂದ ಮತ್ತೆ ಮಿನಾಕ್ಕೆ. ಹೆಚ್ಚಿನವರಿಗೆ ಇದಕ್ಕೆ ಬಸ್ಸು ಅಥವಾ ರೈಲು ಇರುತ್ತದೆ. 2010ರಿಂದ ಓಡುತ್ತಿರುವ ಮಶಾಇರ್ ರೈಲು 18 ಕಿ.ಮೀ. ದಾರಿಯಲ್ಲಿ ಒಂಬತ್ತು ನಿಲ್ದಾಣ ಇಟ್ಟುಕೊಂಡು ಹಜ್ಜ್‌ನ ಈ ದಿನಗಳಿಗೆಂದೇ ಓಡುತ್ತದೆ. ಆದರೆ ರೈಲಿನ ಟಿಕೆಟ್ ಸಿಕ್ಕವರೂ ಡೇರೆಯಿಂದ ನಿಲ್ದಾಣದವರೆಗೆ ನಡೆಯಬೇಕು, ಎತ್ತರದ ಪ್ಲಾಟ್‌ಫಾರಂಗೆ ಹತ್ತಬೇಕು, ಸರತಿಯಲ್ಲಿ ಗಂಟೆಗಟ್ಟಲೆ ನಿಲ್ಲಬೇಕು. ಡೇರೆಯಿಂದ ಜಮರಾತ್‌ಗೆ ಹೋಗಿ ಬರುವ ದಾರಿಯಂತೂ ಬಹುತೇಕ ಎಲ್ಲರಿಗೂ ಕಾಲ್ನಡಿಗೆಯೇ. ಅದೂ ಒಂದು ದಿನ ಅಲ್ಲ, ದಿನ ಬಿಡದೆ ಮೂರು ದಿನ.

2022ರಲ್ಲಿ ಮಲಪ್ಪುರಂ ಜಿಲ್ಲೆಯಿಂದ ಶಿಹಾಬ್ ಚೊಟ್ಟೂರ್ ನಡೆದುಕೊಂಡೇ ಹಜ್ಜ್‌ಗೆ ಹೊರಟಾಗ ನಮ್ಮ ಕರಾವಳಿಯ ಹೆದ್ದಾರಿಯಲ್ಲಿ ಜನ ಸಾಲುಗಟ್ಟಿ ನಿಂತದ್ದು ಹಲವರಿಗೆ ನೆನಪಿರಬಹುದು. ಮರು ವರ್ಷ ಅವರು ಮಕ್ಕಾ ತಲುಪಿದರು. ಅವರು ಯುವಕ. ಆ ಉತ್ಸಾಹವನ್ನು ಎಪ್ಪತ್ತರ ಮಂಡಿಗೆ ಹೇರಬಾರದು. "ನಡೆದಷ್ಟೂ ಪ್ರತಿಫಲ, ಕಷ್ಟ ಪಟ್ಟಷ್ಟೂ ಹಜ್ಜ್ ಸ್ವೀಕಾರ" ಅಂತ ಮನಸ್ಸಿನಲ್ಲಿ ಇಟ್ಟುಕೊಂಡು ಹೋಗುವ ಹಿರಿಯರು ನಮ್ಮಲ್ಲಿ ತುಂಬ ಇದ್ದಾರೆ. ಬುಖಾರಿ, ಮುಸ್ಲಿಮ್ ಎರಡರಲ್ಲೂ ಇರುವ ಒಂದು ಹದೀಸ್ ಇವರಿಗಾಗಿಯೇ ಇದ್ದಂತಿದೆ. ಒಬ್ಬ ವೃದ್ಧರು ಇಬ್ಬರು ಮಕ್ಕಳ ಆಸರೆಯಲ್ಲಿ ಕಾಲೆಳೆಯುತ್ತಾ ಹೋಗುತ್ತಿದ್ದರು. ಪ್ರವಾದಿ (ಸ) ವಿಚಾರಿಸಿದಾಗ, ನಡೆದೇ ಹೋಗುತ್ತೇನೆಂದು ಹರಕೆ ಹೊತ್ತಿದ್ದಾರೆ ಎಂಬ ಉತ್ತರ ಬಂತು. ಇವರು ತಮ್ಮನ್ನು ತಾವು ಹೀಗೆ ಹಿಂಸಿಸಿಕೊಳ್ಳುವ ಅಗತ್ಯ ಅಲ್ಲಾಹನಿಗಿಲ್ಲ ಎಂಬರ್ಥದಲ್ಲಿ ಹೇಳಿ, ವಾಹನ ಏರಿ ಹೋಗಲು ಆಜ್ಞಾಪಿಸಿದರು. ಹರಕೆ ಹೊತ್ತವರಿಗೇ ಈ ಮಾತು. ಹರಕೆಯೂ ಇಲ್ಲದ ನಮ್ಮ ಬಾಪ-ಉಮ್ಮಂದಿರು ವೀಲ್‌ಚೇರ್ ಅಂದರೆ ಮುಖ ತಿರುಗಿಸುವುದೇಕೆ?

ಹಾಗೆಂದು ಕುಳಿತುಬಿಡಿ ಅಂತಲೂ ಅಲ್ಲ. ನಡೆಯಬೇಕಾದ ಕಡೆ ನಡೆಯಲು ಕಾಲಿಗೆ ಊರಲ್ಲೇ ಶಕ್ತಿ ತುಂಬಿಸಬೇಕು. ನಡೆಯಬೇಕಾಗಿಲ್ಲದ ಕಡೆ ನಡೆಯುವುದಿಲ್ಲ ಎಂಬ ತೀರ್ಮಾನವನ್ನೂ ಊರಲ್ಲೇ ಮಾಡಿಕೊಂಡು ಹೋಗಬೇಕು. ಅಲ್ಲಿ ಹೋಗಿ ನೋಡುವಾ ಅಂದರೆ ಆ ಜನಸಾಗರದಲ್ಲಿ ಏನೂ ತೋಚುವುದಿಲ್ಲ.

ಸುಬ್‌ಹಿ ನಂತರದ ದಾರಿ

ಹೊರಡುವುದಕ್ಕೆ ನಾಲ್ಕು ತಿಂಗಳಿರುವಾಗಲೇ ಶುರು ಮಾಡಬೇಕು. ಮೊದಲು ಡಾಕ್ಟರ ಹತ್ತಿರ ಹೋಗಿ ಎದೆ, ಬಿ.ಪಿ., ಸಕ್ಕರೆ, ಕಣ್ಣು ತೋರಿಸಿ. ಕಣ್ಣಿನ ಪೊರೆ ಇದ್ದು ಮೆಟ್ಟಿಲು ಸರಿಯಾಗಿ ಕಾಣದವರು ಆಪರೇಷನನ್ನು "ಹಜ್ಜ್ ಮುಗಿಸಿ ಬಂದು ಮಾಡುವಾ" ಅಂತ ಮುಂದೂಡದಿರುವುದು ಒಳ್ಳೆಯದು. ಹಣ ಕಟ್ಟಿ ಹತ್ತು ಜನರ ಹತ್ತಿರ ವಿಚಾರಿಸುವ ನಾವು, ಎದೆ ಈ ನಡಿಗೆಯನ್ನು ತಡೆಯುತ್ತದಾ ಎಂಬ ಒಂದು ಪ್ರಶ್ನೆಯನ್ನು ಡಾಕ್ಟರಲ್ಲಿ ಕೇಳುವುದಿಲ್ಲ.

ಡಾಕ್ಟರು ಹೂಂ ಅಂದ ಮೇಲೆ ಸುಬ್‌ಹಿ ಮುಗಿಸಿ ಪಳ್ಳಿಯಿಂದ ಮನೆಗೆ ಬಳಸು ದಾರಿಯಲ್ಲಿ ಬನ್ನಿ. ಮೊದಲ ವಾರ ಕಾಲು ಗಂಟೆ ಸಾಕು. ವಾರ ವಾರ ಐದು ನಿಮಿಷ ಏರಿಸಿದರೆ ಮೂರೂವರೆ ತಿಂಗಳಲ್ಲಿ ಒಂದು ಗಂಟೆ ದಾಟುತ್ತದೆ. ಉಮ್ಮಂದಿರು ಮನೆಯಲ್ಲೇ ಸುಬ್‌ಹಿ ಮುಗಿಸಿ ಮಗಳೋ ಸೊಸೆಯೋ ಜೊತೆ ಹೊರಡಬಹುದು. ನೆರೆಮನೆಯ ಇಬ್ಬರು ಸೇರಿದರೆ ಇನ್ನೂ ಒಳ್ಳೆಯದು, ಮಾತಿನಲ್ಲಿ ದೂರ ಗೊತ್ತಾಗುವುದಿಲ್ಲ. ನಡೆಯುತ್ತಾ ಮಾತಾಡಲು ಆಗುವಷ್ಟು ವೇಗ ಇದ್ದರೆ ಸರಿ. ಮಾತು ಕಡಿಯುವಷ್ಟು ಏದುಸಿರು ಬಂದರೆ ನಿಧಾನ ಮಾಡಿ. ಎದೆ ಹಿಡಿದಂತಾದರೆ, ತಲೆ ತಿರುಗಿದರೆ ನಿಲ್ಲಿಸಿ ಅದೇ ದಿನ ಡಾಕ್ಟರಿಗೆ ತೋರಿಸಿ.

ಒಂದು ದಿನ ಐದು ಕಿಲೋಮೀಟರ್ ನಡೆದು ಎರಡು ದಿನ ಮಲಗಿದರೆ ಉಪಯೋಗವಿಲ್ಲ. ಹಜ್ಜ್‌ನ ಕಷ್ಟ ಇರುವುದು ದೂರದಲ್ಲಿ ಮಾತ್ರ ಅಲ್ಲ, ಇವತ್ತು ನಡೆದ ಕಾಲು ನಾಳೆ ಬೆಳಿಗ್ಗೆ ಮತ್ತೆ ಏಳಬೇಕು ಎಂಬುದರಲ್ಲಿ. ಆದ್ದರಿಂದ ಕೊನೆಯ ತಿಂಗಳು ವಾರದಲ್ಲಿ ಮೂರು ದಿನ ಸಾಲಾಗಿ ಬೆಳಿಗ್ಗೆಯೂ ಅಸರ್ ಬಳಿಕವೂ ನಡೆದು ನೋಡಿ. ಹೊರಡುವ ವಾರ ಕಡಿಮೆ ಮಾಡಿ.

ನಮ್ಮ ಊರಿನ ದಾರಿಗಳಲ್ಲಿ ಏರಿಳಿತಕ್ಕೆ ಬರ ಇಲ್ಲ. ಮುರಕಲ್ಲಿನ ಗುಡ್ಡೆಯ ದಾರಿ ಇದ್ದವರು ಅದನ್ನೇ ಹತ್ತಿ ಇಳಿಯಬಹುದು. ಮಂಡಿಗೆ ಹತ್ತುವುದಕ್ಕಿಂತ ಇಳಿಯುವುದು ಕಷ್ಟ, ಆದ್ದರಿಂದ ಇಳಿಯುವಾಗ ಕೋಲು ಹಿಡಿಯಲು ನಾಚಿಕೆ ಬೇಡ. ಕಡಲ ಕರೆಯವರು ಸಡಿಲ ಹೊಯಿಗೆಯಲ್ಲಿ ನಡೆಯುವುದು ಬೇಡ, ಪಾದ ತಿರುಚುತ್ತದೆ. ನೀರು ಬಡಿದು ಗಟ್ಟಿಯಾದ ಜಾಗದಲ್ಲಿ ಆಗಬಹುದು.

ಎರಡು ಸಣ್ಣ ಅಭ್ಯಾಸಗಳನ್ನು ಹೆಚ್ಚಿನವರು ಮರೆಯುತ್ತಾರೆ. ಒಂದು, ಬರಿಗಾಲಿನ ನಡಿಗೆ. ತವಾಫ್, ಸಅಯ್ ಎಲ್ಲ ಗಟ್ಟಿ ಅಮೃತಶಿಲೆಯ ಮೇಲೆ ಬರಿಗಾಲಿನಲ್ಲಿ. ಮನೆಯೊಳಗೂ ಮೆತ್ತಗಿನ ಚಪ್ಪಲಿ ಹಾಕಿ ರೂಢಿಯಾದವರಿಗೆ ಎರಡನೇ ದಿನವೇ ಹಿಮ್ಮಡಿ ನೋವು. ಮನೆಯ ಟೈಲ್ಸ್ ಮೇಲೆ ದಿನಾ ಇಪ್ಪತ್ತು ನಿಮಿಷ ಬರಿಗಾಲಿನಲ್ಲಿ ನಡೆದು ಪಾದವನ್ನು ಒಗ್ಗಿಸಿಕೊಳ್ಳಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರು ಮಾತ್ರ ಈ ಅಭ್ಯಾಸಕ್ಕೆ ಮೊದಲು ಡಾಕ್ಟರಲ್ಲಿ ಕೇಳಬೇಕು. ಇನ್ನೊಂದು, ನೆಲದಿಂದ ಏಳುವುದು. ಈಗ ನಮ್ಮ ಹಿರಿಯರಲ್ಲಿ ಅರ್ಧಕ್ಕರ್ಧ ಮಂದಿ ಕುರ್ಚಿಯಲ್ಲಿ ಕುಳಿತು ನಮಾಝ್ ಮಾಡುವವರು. ಮುಝ್ದಲಿಫಾದ ರಾತ್ರಿ ಕುರ್ಚಿ ಇಲ್ಲ, ಮಂಚ ಇಲ್ಲ. ಬಯಲಲ್ಲಿ ಚಾಪೆ ಹಾಸಿ ಮಲಗಬೇಕು, ಕತ್ತಲಲ್ಲಿ ಎದ್ದು ಟಾಯ್ಲೆಟ್ ಹುಡುಕಿ ಹೋಗಬೇಕು. ಊರಲ್ಲಿ ಗೋಡೆ ಹಿಡಿದಾದರೂ ಸರಿ, ದಿನಕ್ಕೆ ಐದಾರು ಸಲ ನೆಲದಲ್ಲಿ ಕೂತು ಎದ್ದು ಅಭ್ಯಾಸ ಮಾಡಿ. ಅದು ಏನು ಮಾಡಿದರೂ ಆಗುವುದಿಲ್ಲ ಎಂದಾದರೆ ಮಡಚುವ ಸಣ್ಣ ಸ್ಟೂಲ್ ಒಂದು ಲಗೇಜಿಗೆ ಸೇರಿಸಿ.

ಈ ನಡುವೆ ಬೀಳ್ಕೊಡುವ ಊಟಗಳದ್ದೇ ಒಂದು ಕತೆ. ಹಜ್ಜ್‌ಗೆ ಹೊರಟವರನ್ನು ತಂಗಿಯ ಮನೆಗೆ, ಭಾವನ ಮನೆಗೆ, ಬೀಗರ ಮನೆಗೆ ಕರೆದು ಬಿರಿಯಾನಿ, ನೆಯ್ಚೋರು ಬಡಿಸುವುದು ನಮ್ಮ ಪ್ರೀತಿ. ಆದರೆ ಕೊನೆಯ ತಿಂಗಳು ಇದೇ ಆದರೆ ನಡಿಗೆ ನಿಂತು ತೂಕ ಏರಿ, ಸಕ್ಕರೆಯೂ ಏರಿ ವಿಮಾನ ಹತ್ತುವವರಿದ್ದಾರೆ. ಮಾಫಿ ಕೇಳಲು ಹತ್ತಿರದ ಮನೆಗಳಿಗೆ ಕಾರು ಬಿಟ್ಟು ನಡೆದೇ ಹೋದರೆ ಒಂದೇ ಕೆಲಸದಲ್ಲಿ ಎರಡು ಆದೀತು. ಊಟ ಬಡಿಸುವವರೂ ಮಾರಾಯ್ರೆ, ಸ್ವಲ್ಪ ಕೈ ಹಿಡಿದು ಬಡಿಸಿ.

ಚಪ್ಪಲಿ, ತೊಡೆ ಸಂದು, ಕೊಡೆ

ಇಹ್ರಾಂನಲ್ಲಿ ಗಂಡಸರು ಶೂ, ಸಾಕ್ಸ್ ಹಾಕುವಂತಿಲ್ಲ. ಹೀಗಾಗಿ ಎಲ್ಲರೂ ಹೊರಡುವ ಹಿಂದಿನ ದಿನ ಹೊಸ ಹವಾಯಿ ಚಪ್ಪಲಿ ತರುತ್ತಾರೆ. ಹೊಸ ಚಪ್ಪಲಿಯ ಪಟ್ಟಿ ಬೆರಳಿನ ಸಂದಿಯನ್ನು ಕತ್ತರಿಸುವುದು ಅಲ್ಲಿ, ಮಿನಾದ ದಾರಿಯಲ್ಲಿ. ಯಾವ ಬಗೆಯ ಚಪ್ಪಲಿ ಇಹ್ರಾಂಗೆ ಆಗುತ್ತದೆ ಎಂದು ಉಸ್ತಾದರಲ್ಲಿ ತೋರಿಸಿ ಕೇಳಿ, ಅದನ್ನು ಎರಡು ತಿಂಗಳು ಮೊದಲೇ ಕೊಂಡು ಊರಲ್ಲಿ ಅದರಲ್ಲೇ ನಡೆಯಿರಿ. ಒಂದೇ ಬಗೆಯ ಎರಡು ಜೊತೆ ಬೇಕು. ಹರಮ್‌ನ ಬಾಗಿಲಲ್ಲಿ ಬಿಟ್ಟ ಚಪ್ಪಲಿ ಮರಳಿ ಸಿಗುವುದು ಕಷ್ಟ, ಹಾಗಾಗಿ ಬೆನ್ನಿಗೆ ಹಾಕುವ ಒಂದು ತೆಳು ಚೀಲದಲ್ಲಿ ಜೊತೆಗೇ ಒಯ್ಯಬೇಕು. ಚಪ್ಪಲಿ ಕಳೆದು ಹೊರಗಿನ ಕಾದ ನೆಲದಲ್ಲಿ ನಡೆದು ಅಂಗಾಲು ಸುಟ್ಟುಕೊಳ್ಳುವುದು ಸಕ್ಕರೆ ಕಾಯಿಲೆಯವರಿಗೆ ಬಹಳ ಅಪಾಯ, ಸುಟ್ಟದ್ದೇ ಗೊತ್ತಾಗುವುದಿಲ್ಲ. ದಿನಾ ರಾತ್ರಿ ಜೊತೆಯವರು ಟಾರ್ಚ್ ಹಿಡಿದು ಪಾದ ನೋಡಬೇಕು. ಹೆಂಗಸರಿಗೆ ಸಾಕ್ಸ್ ಹಾಕಲು ಅಡ್ಡಿ ಇಲ್ಲ. ಗಂಡಸರೂ ಇಹ್ರಾಂ ಕಳಚಿದ ಮೇಲಿನ ತವಾಫ್‌ಗೆ ದಪ್ಪ ಸಾಕ್ಸ್ ಹಾಕಬಹುದು.

ಇನ್ನೊಂದು ಸಂಗತಿ ಶಿಬಿರದಲ್ಲಿ ಯಾರೂ ಎದ್ದು ನಿಂತು ಕೇಳುವುದಿಲ್ಲ. ಇಹ್ರಾಂನ ಒಳಗೆ ಹೊಲಿದ ಉಡುಪು ಇಲ್ಲದ್ದರಿಂದ, ಸ್ವಲ್ಪ ದಪ್ಪ ಇರುವವರಿಗೆ ಒಂದೆರಡು ಗಂಟೆ ನಡೆಯುವಾಗಲೇ ತೊಡೆಯ ಸಂದು ಉಜ್ಜಿ ಹುಣ್ಣಾಗುತ್ತದೆ. ಆಮೇಲೆ ಕಾಲು ಅಗಲಿಸಿ ನಡೆದು ಸೊಂಟಕ್ಕೂ ನೋವು. ಪರಿಮಳ ಇಲ್ಲದ ವ್ಯಾಸಲೀನ್ ಡಬ್ಬಿ ಇಟ್ಟುಕೊಳ್ಳಿ, ನಡೆಯಲು ಶುರು ಮಾಡುವ ಮೊದಲೇ ಹಚ್ಚಿಕೊಳ್ಳಿ. ಪರಿಮಳದ ಕ್ರೀಮ್, ಪೌಡರ್ ಇಹ್ರಾಂನಲ್ಲಿ ಆಗದು. ಕೊಡೆ ಹಿಡಿಯಬಹುದು, ತಲೆಗೆ ತಾಗಿಸದೆ ಹಿಡಿದರಾಯಿತು. ಬಿಳಿಯ ಅಥವಾ ತಿಳಿ ಬಣ್ಣದ್ದು ಒಳ್ಳೆಯದು.

ಅಲ್ಲಿನ ಬಿಸಿಲು ನಮ್ಮ ಬಿಸಿಲಲ್ಲ

2024ರ ಹಜ್ಜ್ ಸಮಯದಲ್ಲಿ ಮಸ್ಜಿದುಲ್ ಹರಾಮ್‌ನಲ್ಲಿ ತಾಪಮಾನ 51.8 ಡಿಗ್ರಿಗೆ ಏರಿತ್ತು. ಆ ವರ್ಷ 1,301 ಮಂದಿ ಮರಣ ಹೊಂದಿದರೆಂದು ಸೌದಿ ಸರಕಾರ ಪ್ರಕಟಿಸಿತು. ಅವರಲ್ಲಿ ಶೇ. 83ರಷ್ಟು ಮಂದಿ ಅಧಿಕೃತ ಪರವಾನಿಗೆ ಇಲ್ಲದೆ ಬಂದವರು, ನೆರಳು-ಆಸರೆ ಇಲ್ಲದೆ ನೇರ ಬಿಸಿಲಲ್ಲಿ ಬಹಳ ದೂರ ನಡೆದವರು ಎಂಬ ವಿವರವನ್ನೂ ಕೊಟ್ಟಿತು. ಸತ್ತವರಲ್ಲಿ ವಯಸ್ಸಾದವರು, ದೀರ್ಘಕಾಲದ ಕಾಯಿಲೆಯವರು ಇದ್ದರು. ಕಡಿಮೆ ದುಡ್ಡಿಗೆ ವಿಸಿಟ್ ವೀಸಾದಲ್ಲಿ ಕರೆದುಕೊಂಡು ಹೋಗ್ತೇವೆ ಅನ್ನುವ ಏಜೆಂಟರ ಮಾತಿಗೆ ಹಿರಿಯರನ್ನು ಒಪ್ಪಿಸುವ ಮೊದಲು ಈ ಲೆಕ್ಕವನ್ನು ನೆನಪಿಸಿಕೊಳ್ಳಬೇಕು. ಪರವಾನಿಗೆ ಇಲ್ಲದವರಿಗೆ ಮಿನಾದಲ್ಲಿ ಡೇರೆ ಇಲ್ಲ, ಎ.ಸಿ. ಇಲ್ಲ, ಬಸ್ಸೂ ಇಲ್ಲ.

ಹಜ್ಜ್ ಪ್ರತಿ ವರ್ಷ ಸುಮಾರು 11 ದಿನ ಹಿಂದೆ ಬರುತ್ತದೆ. ಸೆಕೆಯ ನಡುಮಧ್ಯದಿಂದ ಈಗ ಮೆಲ್ಲ ಹೊರಗೆ ಸರಿಯುತ್ತಿದೆ, ನಿಜ. ಆದರೆ ಮಕ್ಕಾದ ಮೇ ತಿಂಗಳೂ ಸಣ್ಣದಲ್ಲ. ಕರಾವಳಿಯವರಾದ ನಾವು ಸೆಕೆಗೆ ಹೆದರುವವರಲ್ಲ ಅಂದುಕೊಂಡಿದ್ದೇವೆ. ಇಲ್ಲಿ ಬೆವರು ಅಂಗಿಯನ್ನು ಒದ್ದೆ ಮಾಡುತ್ತದೆ, ಆದ್ದರಿಂದ ನೀರು ಕುಡಿಯಬೇಕೆಂದು ಗೊತ್ತಾಗುತ್ತದೆ. ಅಲ್ಲಿನ ಒಣ ಗಾಳಿಯಲ್ಲಿ ಬೆವರು ಬಂದದ್ದೇ ಆರಿಹೋಗುತ್ತದೆ. ಮೈ ಒಣಗಿಯೇ ಇರುತ್ತದೆ, ಒಳಗಿನ ನೀರು ಖಾಲಿಯಾಗುತ್ತಿರುತ್ತದೆ. ವಯಸ್ಸಾದಂತೆ ಬಾಯಾರಿಕೆ ಗೊತ್ತಾಗುವುದೂ ಕಡಿಮೆ. ಬಾಯಾರಿಕೆಗೆ ಕಾಯದೆ, ಗಡಿಯಾರ ನೋಡಿ ಗುಟುಕು ಗುಟುಕಾಗಿ ಕುಡಿಯಬೇಕು. ಬರೀ ನೀರು ಸಾಲದು, ಒ.ಆರ್.ಎಸ್. ಪ್ಯಾಕೆಟ್ ಇರಲಿ. ಹೃದಯ ಅಥವಾ ಕಿಡ್ನಿಯ ತೊಂದರೆಯಿಂದ ನೀರು ಅಳತೆಯಲ್ಲಿ ಕುಡಿಯುವವರು, ಮೂತ್ರ ಹೋಗಿಸುವ ಮಾತ್ರೆ ತಗೊಳ್ಳುವವರು, ಸಕ್ಕರೆ ಇರುವವರು ಎಷ್ಟು ಕುಡಿಯಬೇಕು, ಮಾತ್ರೆ ಹೇಗೆ ಅಂತ ಇಲ್ಲಿಂದಲೇ ಡಾಕ್ಟರಿಂದ ಬರೆಸಿಕೊಂಡು ಹೋಗಲಿ.

ಇಲ್ಲಿ ನಮ್ಮ ಉಮ್ಮಂದಿರ ವಿಷಯ ಬೇರೆಯೇ ಹೇಳಬೇಕು. ಮಿನಾ, ಅರಫಾಗಳಲ್ಲಿ ಟಾಯ್ಲೆಟ್‌ನ ಕ್ಯೂ ನೋಡಿ "ನೀರು ಕುಡಿದರೆ ಅಲ್ಲಿಗೆ ಹೋಗಬೇಕಾಗ್ತದೆ" ಅಂತ ಬಾಟಲಿ ಮುಟ್ಟದೆ ಕೂರುವವರು ಹೆಚ್ಚಾಗಿ ಹೆಂಗಸರೇ. ಕೇಳಿದರೆ ಕುಡಿದೆ ಅನ್ನುತ್ತಾರೆ. ಬಾಯಿಮಾತು ಕೇಳಿ ಬಿಡಬೇಡಿ, ಬಾಟಲಿ ಎಷ್ಟು ಖಾಲಿಯಾಗಿದೆ ನೋಡಿ. ನಮಾಝ್‌ನ ಹೊತ್ತಿಗೆ ಕ್ಯೂ ಉದ್ದ, ಅದಕ್ಕೆ ಒಂದು ಗಂಟೆ ಮೊದಲು ಹೋಗಿ ಬರುವ ರೂಢಿ ಮಾಡಿಸಿದರೆ ಈ ಹೆದರಿಕೆ ಅರ್ಧ ಇಳಿಯುತ್ತದೆ.

ಬಿಸಿಲಲ್ಲಿ ನಡೆಯುತ್ತಿದ್ದವರು ತೊದಲಿದರೆ, ಸಂಬಂಧವಿಲ್ಲದ ಮಾತಾಡಿದರೆ, ಮೈ ಬೆಂಕಿಯಂತೆ ಸುಟ್ಟರೆ ಅದು ಸುಸ್ತಲ್ಲ, ಸೂರ್ಯಾಘಾತ. ನೆರಳಿಗೆ ತಂದು, ಮೈಮೇಲೆ ನೀರು ಸುರಿದು, ಗಾಳಿ ಹಾಕುತ್ತಾ ಆರೋಗ್ಯ ಸಿಬ್ಬಂದಿಯನ್ನು ಕರೆಯಬೇಕು. ಪ್ರಜ್ಞೆ ಸರಿ ಇಲ್ಲದವರ ಬಾಯಿಗೆ ನೀರು ಹಾಕಬಾರದು, ಝಂಝಂ ಆದರೂ ಸರಿ.

ಕಾಲನ್ನು ಉಳಿಸುವುದೂ ಒಂದು ಲೆಕ್ಕ

ಹಜ್ಜ್ ಸಮಿತಿಯ ಮೂಲಕ ಹೋದವರು ಮಕ್ಕಾದಲ್ಲಿ ಹಜ್ಜ್‌ಗೆ ಮೊದಲೇ ಬಹಳ ದಿನ ಇರುತ್ತಾರೆ. ಆ ದಿನಗಳಲ್ಲಿ ನಮ್ಮವರ ಹುಮ್ಮಸ್ಸು ಕೇಳಬೇಡಿ. ತನ್‌ಈಮ್‌ಗೆ ಹೋಗಿ ಇಹ್ರಾಂ ಕಟ್ಟಿ ಮತ್ತೊಂದು ಉಮ್ರಾ, ಮಗದೊಂದು ಉಮ್ರಾ, ಒಂದು ದಿನ ಹಿರಾ ಗುಹೆಗೆ ಜಬಲುನ್ನೂರ್ ಹತ್ತುವುದು, ಇನ್ನೊಂದು ದಿನ ಪೇಟೆ. ದುಲ್‌ಹಜ್ಜ್ 8 ಬರುವಾಗ ಮಂಡಿ ಊದಿರುತ್ತದೆ. ಹೋದದ್ದು ಫರ್ಳ್ ಹಜ್ಜ್‌ಗೆ, ಕಾಲು ಖರ್ಚಾದದ್ದು ಸುನ್ನತ್‌ಗೆ. ಎಪ್ಪತ್ತು ದಾಟಿದವರು ಜಬಲುನ್ನೂರನ್ನು ಕೆಳಗಿಂದಲೇ ನೋಡಿ ಬಂದರೆ ಏನೂ ಕಳೆದುಕೊಳ್ಳುವುದಿಲ್ಲ. ಮಿನಾಕ್ಕೆ ಹೊರಡುವ ಮೊದಲಿನ ಮೂರು ದಿನ ಕೋಣೆಯ ಹತ್ತಿರದ ಪಳ್ಳಿಯಲ್ಲೇ ನಮಾಝ್ ಮಾಡಿ ಕಾಲಿಗೆ ವಿಶ್ರಾಂತಿ ಕೊಡಿ.

ದೀನ್ ಕೊಟ್ಟ ರಿಯಾಯಿತಿಗಳು ಕಡಿಮೆಯೇನಲ್ಲ. ಮೈಭಾರದ ಸೌದಾ ಬೀವಿಯವರಿಗೆ (ರ.ಅ.) ಜನದಟ್ಟಣೆಗೆ ಮೊದಲೇ ರಾತ್ರಿಯಲ್ಲಿ ಮುಝ್ದಲಿಫಾದಿಂದ ಹೊರಡಲು ಪ್ರವಾದಿ (ಸ) ಅನುಮತಿ ಕೊಟ್ಟಿದ್ದರು. ಅಸ್ವಸ್ಥರಾಗಿದ್ದ ಉಮ್ಮು ಸಲಮಾ ಬೀವಿಯವರಿಗೆ (ರ.ಅ.) ವಾಹನದ ಮೇಲೆ ಕುಳಿತು ತವಾಫ್ ಮಾಡಲು ಹೇಳಿದ್ದರು. ನಮ್ಮ ಶಾಫಿಈ ಮದ್‌ಹಬ್‌ನಲ್ಲಿ ಮುಝ್ದಲಿಫಾದಿಂದ ಅರ್ಧರಾತ್ರಿ ಕಳೆದ ಬಳಿಕ ಹೊರಡಬಹುದು. ಇಫಾಳಾದ ತವಾಫ್‌ಅನ್ನು 10ರಂದೇ ಮುಗಿಸಲೇಬೇಕೆಂಬ ಕಡ್ಡಾಯ ಇಲ್ಲ, ಜನ ಇಳಿದ ಮೇಲೆ ಮಾಡಬಹುದು. ತವಾಫ್, ಸಅಯ್ ಮಧ್ಯೆ ಸುಸ್ತಾದರೆ ಕೂತು ದಣಿವಾರಿಸಿಕೊಂಡು ಉಳಿದ ಸುತ್ತು ಮುಂದುವರಿಸಬಹುದು. ಸಅಯ್‌ಗೆ ವುಳೂ ಕಡ್ಡಾಯವಲ್ಲ. ತೀರಾ ಆಗದವರ ಪರವಾಗಿ ಜಮರಾತ್‌ನಲ್ಲಿ ಕಲ್ಲೆಸೆಯಲು ಬೇರೆಯವರನ್ನು ನೇಮಿಸಬಹುದು, ಆದರೆ ಅವರು ತಮ್ಮದನ್ನು ಮೊದಲು ಮುಗಿಸಿರಬೇಕು. ತವಾಫ್‌ನ ನೂಕುನುಗ್ಗಲಲ್ಲಿ ಗಂಡು-ಹೆಣ್ಣಿನ ಕೈ ತಾಗಿದಾಗ ವುಳೂ ಗತಿಯೇನು ಎಂಬುದು ಶಾಫಿಈಗಳ ದೊಡ್ಡ ಗೊಂದಲ. ಪ್ರತಿ ಸಲ ಹೊರಗೆ ಹೋಗಿ ವುಳೂ ಮಾಡಿ ಬಂದು ಕಾಲು ಸೋತವರಿದ್ದಾರೆ. ನಿಮ್ಮ ಉಸ್ತಾದರಲ್ಲಿ ಈ ಒಂದೊಂದನ್ನೂ ಕೇಳಿ, ಒಂದು ಕಾಗದದಲ್ಲಿ ಬರೆದಿಟ್ಟುಕೊಂಡು ಹೋಗಿ.

ಜಮರಾತ್‌ಗೆ ಮಧ್ಯಾಹ್ನದ ಹೊತ್ತು ಬೇಡ, ಮಗ್ರಿಬ್ ನಂತರ ಅಥವಾ ಇಶಾ ಕಳೆದು ಹೋದರೆ ಬಿಸಿಲೂ ಇಲ್ಲ, ಜನವೂ ಕಡಿಮೆ. ಅಲ್ಲಿ ದಾರಿ ಒಮ್ಮುಖ, ಹೋದ ದಾರಿಯಲ್ಲಿ ತಿರುಗಿ ಬರುವಂತಿಲ್ಲ. ಚಪ್ಪಲಿ ಜಾರಿದರೂ ಮೊಬೈಲ್ ಬಿದ್ದರೂ ಬಗ್ಗಬಾರದು. ಕಲ್ಲು ಬಿದ್ದರೆ ಮತ್ತೊಂದು ಇರಲಿ ಅಂತ ನಾಲ್ಕೈದು ಹೆಚ್ಚು ಹೆಕ್ಕಿಟ್ಟುಕೊಳ್ಳುವುದು ಅದಕ್ಕೇ.

ವೀಲ್‌ಚೇರ್ ಬೇಕೋ ಬೇಡವೋ ಎಂಬ ಮಾತನ್ನು ಮಕ್ಕಳು ಊರಲ್ಲೇ ಎತ್ತಬೇಕು. "ನಾನು ಇನ್ನೂ ಗಟ್ಟಿ ಉಂಟು" ಅಂತ ಬಾಪ ಹೇಳುವುದು ಮಾಮೂಲು. ಜಗಳ ಬೇಡ. ಸಅಯ್‌ನ ಮೊದಲ ಮೂರು ನಡೆದು, ಉಳಿದ ನಾಲ್ಕು ವೀಲ್‌ಚೇರಿನಲ್ಲಿ ಅಂತ ಒಪ್ಪಂದ ಮಾಡಿಕೊಳ್ಳಬಹುದು. ಹರಮ್‌ನಲ್ಲಿ ಬಾಡಿಗೆಗೆ ತಳ್ಳುವವರೂ ಬ್ಯಾಟರಿ ಗಾಡಿಗಳೂ ಇವೆ, ಅದಕ್ಕೆ ಸ್ವಲ್ಪ ರಿಯಾಲ್ ಬೇರೆಯೇ ತೆಗೆದಿಡಿ. ಸ್ವಂತ ಮಡಚುವ ಗಾಡಿ ಒಯ್ಯುವವರು ಒಂದು ಮಾತು ಯೋಚಿಸಬೇಕು, ಮಿನಾದ ಏರುದಾರಿಯಲ್ಲಿ ಅದನ್ನು ತಳ್ಳುವವರು ಯಾರು? ಅರುವತ್ತೆಂಟರ ಹೆಂಡತಿ ಎಪ್ಪತ್ತೆರಡರ ಗಂಡನನ್ನು ತಳ್ಳುವುದಾದರೆ ಇಬ್ಬರೂ ಬೀಳುತ್ತಾರೆ. ಜೊತೆಗೆ ಹೋಗುವವರನ್ನು ಆರಿಸುವಾಗ ತೋಳಿನ ಬಲವನ್ನೂ ನೋಡಿ.

ದಾರಿ ತಪ್ಪುವುದು ನಡಿಗೆಯನ್ನು ಎರಡು ಪಟ್ಟು ಮಾಡುತ್ತದೆ. ಮಿನಾದಲ್ಲಿ ಎಲ್ಲ ಡೇರೆಯೂ ಒಂದೇ ಬಿಳಿ. ಹತ್ತಿರದ ಕಂಬದ ನಂಬರು ಬರೆದುಕೊಂಡು, ಫೋಟೊ ತೆಗೆದು, ಉಮ್ಮನ ಕೊರಳಲ್ಲಿ ಹೆಸರು, ಡೇರೆಯ ನಂಬರು, ಜೊತೆಯವರ ಸೌದಿ ಮೊಬೈಲ್ ನಂಬರು ಇರುವ ಲ್ಯಾಮಿನೇಟ್ ಮಾಡಿದ ಕಾರ್ಡ್ ಹಾಕಿ. ನುಸುಕ್ ಕಾರ್ಡ್ ಬಿಟ್ಟು ಹೊರಗೆ ಕಾಲಿಡಬಾರದು. ಹಜ್ಜ್ ಸುವಿಧಾ ಆ್ಯಪ್ ಮಕ್ಕಳು ಹಾಕಿಕೊಟ್ಟರೆ ಸಾಲದು, ಬಾಪನೇ ತೆರೆದು ನೋಡಲು ಬರುವವರೆಗೆ ಕಲಿಸಬೇಕು. ಬಿ.ಪಿ., ಸಕ್ಕರೆಯ ಮಾತ್ರೆಗಳು ದೊಡ್ಡ ಸೂಟ್‌ಕೇಸಿನಲ್ಲಿ ಬೇಡ, ಕೈಚೀಲದಲ್ಲಿ ಡಾಕ್ಟರ ಚೀಟಿಯ ಪ್ರತಿಯೊಂದಿಗೆ ಇರಲಿ. ಇನ್ಸುಲಿನ್ ಬಿಸಿಲಿಗೆ ಕೆಡುತ್ತದೆ, ತಂಪು ಚೀಲ ಬೇಕು. ನಡಿಗೆ ಹೆಚ್ಚಾದ ದಿನ ಸಕ್ಕರೆ ದಿಢೀರ್ ಇಳಿಯುವುದುಂಟು, ಆದ್ದರಿಂದ ಜೇಬಿನಲ್ಲಿ ನಾಲ್ಕು ಖರ್ಜೂರ.

ಮರಳಿ ಬರುವಾಗ ಜಿದ್ದಾದಿಂದ ವಿಮಾನದಲ್ಲಿ ಐದಾರು ಗಂಟೆ, ಬೆಂಗಳೂರಿಂದ ಘಾಟಿ ಇಳಿದು ಮತ್ತೆ ಅಷ್ಟೇ ಹೊತ್ತು ಕುಳಿತೇ ಇರಬೇಕು. ವಿಮಾನದಲ್ಲಿ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ, ಕಾರನ್ನು ದಾರಿಯಲ್ಲಿ ಎರಡು ಕಡೆ ನಿಲ್ಲಿಸಿ. ಎರಡೂ ಪಾದ ಸ್ವಲ್ಪ ಊದುವುದು ಸಾಮಾನ್ಯ. ಒಂದೇ ಕಾಲು ಊದಿ ಮೀನಖಂಡ ನೋಯುತ್ತಿದ್ದರೆ, ಉಸಿರು ಕಟ್ಟಿದಂತಾದರೆ ರಕ್ತ ಹೆಪ್ಪುಗಟ್ಟಿರಬಹುದು, ಝಂಝಂ ಹಂಚುವುದನ್ನು ಮಕ್ಕಳಿಗೆ ಬಿಟ್ಟು ನೇರ ಆಸ್ಪತ್ರೆಗೆ ಹೋಗಬೇಕು. ಮೊದಲ ವಾರ ನೋಡಲು ಬರುವ ಸಂಬಂಧಿಕರೂ ಅಷ್ಟೆ. ಹಾಜಿಗಳನ್ನು ಬಾಗಿಲವರೆಗೆ ಎದ್ದು ಬರುವಂತೆ ಮಾಡದೆ, ಅವರು ಕೂತಲ್ಲೇ ಸಲಾಂ ಹೇಳಿ ದುಆ ಮಾಡಿಸಿಕೊಂಡು ಬೇಗ ಎದ್ದು ಬನ್ನಿ.